ಗೂಡಿಗೆ ಇಂಗ್ಲಿಷಿನಲ್ಲಿ ಏನಂತಾರೆ?

ಭಾನುವಾರದ ಬೆಳಿಗ್ಗೆ. ರಾಮನಗರದಿಂದ ಸ್ವಲ್ಪ ಒಳಗಿರುವ ಒಂದು ಊರಿನ ಜಗುಲಿ. ಏಳೆಂಟು ಹೈಸ್ಕೂಲು ಮಕ್ಕಳ ಜೊತೆ ವಾರಕ್ಕೊಮ್ಮೆ ಅಲ್ಲಿ ಕೂತು ಇಂಗ್ಲಿಷ್ ಓದುವುದು ನನಗೆ ರೂಢಿಯಾಗಿದೆ. ಈ ವಾರ ಮನೆಯಲ್ಲಿ ಏನೇನು ನಡೆಯಿತು, ಐದು ವಾಕ್ಯ ಬರೆಯಿರಿ ಎಂದಿದ್ದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಮೊದಲ ವಾಕ್ಯ ಬರೆದು ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದಳು. “ಮೈ ಫಾದರ್ ಸೋಲ್ಡ್ ನೆಸ್ಟ್ ಇನ್ ರಾಮನಗರ.”

ಕೆಂಪು ಪೆನ್ನು ಕೈಯಲ್ಲಿದ್ದರೂ ಗೀಟು ಎಳೆಯಲು ಮನಸ್ಸಾಗಲಿಲ್ಲ. ಹುಡುಗಿ ತಪ್ಪು ಮಾಡಿರಲಿಲ್ಲ, ನಿಘಂಟು ನೋಡಿದ್ದಳು. ಗೂಡು ಎಂದರೆ ನೆಸ್ಟ್ ಎಂದು ಅದರಲ್ಲಿತ್ತು. ಹಕ್ಕಿಯ ಗೂಡಾದರೆ ನೆಸ್ಟ್ ಸರಿಯೇ. ಜೇನುಗೂಡಾದರೆ ಹೈವ್. ಅವಳ ಅಪ್ಪ ಮಾರಿದ್ದು ರೇಷ್ಮೆ ಗೂಡು, ಅದು ಕಕೂನ್. “ಕಕೂನ್ ಅನ್ನೋ ಮಾತು ಎಲ್ಲಾದ್ರೂ ಕೇಳಿದ್ದೀಯಾ?” ಎಂದೆ. “ಕಕೂನ್ ಮಾರ್ಕೆಟ್ ಗೊತ್ತು ಸಾರ್, ಅಪ್ಪನ ಜೊತೆ ಹೋಗಿದ್ದೀನಿ” ಎಂದಳು. ಅಲ್ಲಿಗೆ ನಿಲ್ಲಿಸಿ ನನ್ನ ಮುಖ ನೋಡಿದಳು. “ಅಂದ್ರೆ ಕಕೂನ್ ಅಂದ್ರೆ... ಗೂಡಾ?”

ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆ ಗೂಡಿನ ಮಾರುಕಟ್ಟೆ ಅವಳ ಊರಿನ ಪಕ್ಕದಲ್ಲಿದೆ. ಕಕೂನ್ ಮಾರ್ಕೆಟ್ ಎಂಬ ಹೆಸರನ್ನು ಬಸ್ಸಿನಲ್ಲಿ, ಆಟೋದಲ್ಲಿ, ಮನೆಯ ಮಾತಿನಲ್ಲಿ ಸಾವಿರ ಸಲ ಕೇಳಿದ್ದಾಳೆ. ಆದರೆ ಅದು ಅವಳಿಗೆ ಒಂದು ಜಾಗದ ಹೆಸರು ಮಾತ್ರವಾಗಿತ್ತು. ಪದ ಕಿವಿಯಲ್ಲಿತ್ತು, ಅರ್ಥ ಮನೆಯಲ್ಲಿ ಹುಳು ಗೂಡು ಕಟ್ಟುವ ಚಂದ್ರಿಕೆಯಲ್ಲಿತ್ತು, ಎರಡನ್ನೂ ಯಾರೂ ಗಂಟು ಹಾಕಿಕೊಟ್ಟಿರಲಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಕನ್ನಡ ಮಾಧ್ಯಮದ ಮಕ್ಕಳ ಇಂಗ್ಲಿಷ್ ಕಷ್ಟದ ಬಹುಪಾಲು ಈ ಕಟ್ಟದ ಗಂಟಿನಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಮಕ್ಕಳ ಬಳಿ ಇಂಗ್ಲಿಷಿಗೆ ಬೇಕಾದ ಸಾಮಾನು ಬಹಳ ಇದೆ. ನಾವು ಅದನ್ನು ಮುಟ್ಟದೆ ಹೊರಗಿನಿಂದ ಬೇರೆ ಸಾಮಾನು ಹೊತ್ತು ತರುತ್ತೇವೆ.

ಅದೇ ಹುಡುಗಿಯ ಎರಡನೇ ವಾಕ್ಯ ಇನ್ನೂ ಚೆನ್ನಾಗಿತ್ತು. ತನ್ನ ಚಿಕ್ಕಪ್ಪನ ಮನೆಯ ಹುಳುಗಳಿಗೆ ಎರಡನೇ ಜ್ವರ ಎಂದು ಹೇಳಲು ಹೋಗಿ “ಸೆಕೆಂಡ್ ಫೀವರ್” ಎಂದು ಬರೆದಿದ್ದಳು. ರೇಷ್ಮೆ ಸಾಕುವವರಿಗೆ ಇದು ಕಾಯಿಲೆಯಲ್ಲ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಸೊಪ್ಪು ತಿನ್ನುವುದು ಬಿಟ್ಟು ತಲೆಯೆತ್ತಿ ಸುಮ್ಮನೆ ಕೂರುತ್ತದೆ, ಹಳೆಯ ಚರ್ಮ ಕಳಚುತ್ತದೆ. ನಮ್ಮ ರೈತರು ಅದನ್ನು ಜ್ವರ ಎಂದರು. ಇಂಗ್ಲಿಷಿನಲ್ಲಿ ಅದು ಮೋಲ್ಟ್. ಹಾವು ಪೊರೆ ಬಿಡುವುದಕ್ಕೂ ಅದೇ ಪದ, ಕೋಳಿ ಪುಕ್ಕ ಉದುರಿಸುವುದಕ್ಕೂ ಅದೇ ಪದ. ಅವತ್ತಿನ ಪಾಠದ ಅರ್ಧ ಗಂಟೆ ಇದರಲ್ಲೇ ಕಳೆಯಿತು. ಹಾವಿನ ಪೊರೆ ಎಲ್ಲೆಲ್ಲಿ ಸಿಕ್ಕಿತ್ತು ಎಂದು ಎಲ್ಲರಿಗೂ ಹೇಳಬೇಕಾಗಿತ್ತು. ಆ ಮಕ್ಕಳು ಮೋಲ್ಟ್ ಎಂಬ ಪದವನ್ನು ಮರೆಯುವುದಿಲ್ಲ.

ನಮ್ಮ ರಾಮನಗರ ಜಿಲ್ಲೆ ಹುಟ್ಟಿದ್ದು 2007ರಲ್ಲಿ, ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಶುರುವಾದದ್ದೂ 2007-08ರ ಶೈಕ್ಷಣಿಕ ವರ್ಷದಲ್ಲೇ. ಅದಕ್ಕೆ ಮುಂಚೆ ಐದನೇ ತರಗತಿಯವರೆಗೆ ಕಾಯಬೇಕಿತ್ತು. ಹೊಸ ಜಿಲ್ಲೆಯಲ್ಲಿ ಅಂದು ಒಂದನೇ ತರಗತಿಗೆ ಸೇರಿದ ಮಗು ಹತ್ತು ವರ್ಷ ಇಂಗ್ಲಿಷ್ ಓದಿ 2017ರಲ್ಲಿ ಎಸ್ಸೆಸ್ಸೆಲ್ಸಿಗೆ ಕೂತಿತು. ಹತ್ತು ವರ್ಷ ಕಡಿಮೆ ಕಾಲವಲ್ಲ. ಅಷ್ಟು ವರ್ಷ ಓದಿದವರಲ್ಲಿ ಎಷ್ಟೋ ಮಂದಿ ಬಿಡದಿಯ ಕಾರ್ಖಾನೆಗೋ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೋ ಸಂದರ್ಶನಕ್ಕೆ ಹೋದಾಗ ತಮ್ಮ ಬಗ್ಗೆ ನಾಲ್ಕು ಮಾತು ಇಂಗ್ಲಿಷಿನಲ್ಲಿ ಹೇಳಲಾಗದೆ ತಲೆ ತಗ್ಗಿಸುವುದನ್ನು ನೋಡಿದಾಗ ಸಂಕಟವಾಗುತ್ತದೆ. ಆ ಹುಡುಗರಿಗೆ ಬುದ್ಧಿ ಕಡಿಮೆಯಿಲ್ಲ. ಮೂರು ಜಾತಿಯ ಗೂಡನ್ನು ಕಣ್ಣಿನಲ್ಲೇ ಬೇರೆ ಮಾಡಬಲ್ಲರು, ಲೇತಿನ ಮೇಲೆ ಮರವನ್ನು ಕೂದಲೆಳೆಯ ಅಳತೆಗೆ ಕಡೆಯಬಲ್ಲರು.

ಆ ಗಂಟನ್ನು ಕಟ್ಟುವುದು ಹೇಗೆ ಎಂಬುದನ್ನು ವ್ಯಾಕರಣದಿಂದ ಶುರು ಮಾಡುತ್ತೇನೆ, ಏಕೆಂದರೆ ಮಕ್ಕಳು ಹೆದರುವುದು ಅದಕ್ಕೇ.

ಒಂದೇ ಶಾಲೆಯ ಅಕ್ಕಪಕ್ಕದ ಎರಡು ಕೋಣೆಗಳನ್ನು ನೆನೆಯಿರಿ. ಒಂದರಲ್ಲಿ ಕನ್ನಡ ಮೇಷ್ಟ್ರು ಕರ್ತೃ, ಕರ್ಮ, ಕ್ರಿಯಾಪದ, ವಿಭಕ್ತಿ ಪ್ರತ್ಯಯ ಹೇಳಿಕೊಡುತ್ತಾರೆ. ಇನ್ನೊಂದರಲ್ಲಿ ಇಂಗ್ಲಿಷ್ ಮಿಸ್ಸು ಸಬ್ಜೆಕ್ಟ್, ಆಬ್ಜೆಕ್ಟ್, ವರ್ಬ್, ಪ್ರಿಪೊಸಿಷನ್ ಎಂದು ಬೋರ್ಡಿನ ಮೇಲೆ ಬರೆಸುತ್ತಾರೆ. ಎರಡೂ ಒಂದೇ ಮನೆಯ ಸಾಮಾನು ಎಂದು ಮಗುವಿಗೆ ಹೇಳುವವರಿಲ್ಲ. ಕನ್ನಡದ ಕೋಣೆಯಲ್ಲೂ ತೊಂದರೆ ಇದೆ. ಪಂಚಮಿ ವಿಭಕ್ತಿ ಎಂದರೆ “ರಾಮನ ದೆಸೆಯಿಂದ” ಎಂದು ಮಕ್ಕಳು ಉರು ಹೊಡೆಯುತ್ತಾರೆ. ಚನ್ನಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ದೆಸೆಯಿಂದ ಎಂದವರನ್ನು ನಾನಂತೂ ಕಂಡಿಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಪುಸ್ತಕ ಬರೆದು ವಾದಿಸಿದ್ದು ಇದಕ್ಕೇ. ಆಡುವ ಮಾತಿನ ವ್ಯಾಕರಣ ಮಗುವಿಗೆ ಕಂಡಿದ್ದರೆ ಇಂಗ್ಲಿಷಿನ ಅರ್ಧ ದಾರಿ ಅಲ್ಲೇ ಸವೆಯುತ್ತಿತ್ತು.

ಉದಾಹರಣೆಗೆ “ದ” ಎಂಬ ಪುಟ್ಟ ಪದ. ಎಲ್ಲಿ “ಎ”, ಎಲ್ಲಿ “ದ”, ಎಲ್ಲಿ ಎರಡೂ ಬೇಡ ಎಂಬುದು ಪದವಿ ಮುಗಿಸಿದವರಿಗೂ ತೊಡಕು. ಕನ್ನಡದಲ್ಲಿ ಅಂಥ ಪದ ಇಲ್ಲ ಎಂದು ಹೇಳಿ ಕೈಬಿಡುತ್ತೇವೆ. ಪದ ಇಲ್ಲ, ನಿಜ. ಆದರೆ ವ್ಯತ್ಯಾಸ ಇದೆ. “ಅಪ್ಪ ಗೂಡು ಮಾರಿದ್ರು” ಎಂದರೆ ಯಾವುದೋ ಒಂದಷ್ಟು ಗೂಡು, ಅವರ ಕೆಲಸ ಅದು ಎಂಬ ಅರ್ಥ. “ಅಪ್ಪ ಗೂಡನ್ನ ಮಾರಿದ್ರು” ಎಂದರೆ ನಮ್ಮ ಮನೆಯ ಗೂಡು, ನಾವು ಮೊದಲೇ ಮಾತಾಡಿಕೊಂಡ ಗೂಡು. ಈ “ಅನ್ನ” ಮಾಡುವ ಕೆಲಸ ಇಂಗ್ಲಿಷಿನ “ದ” ಮಾಡುವ ಕೆಲಸಕ್ಕೆ ಬಹಳ ಹತ್ತಿರ. ಎಲ್ಲ ಕಡೆಯೂ ಹೊಂದುವುದಿಲ್ಲ, ಆದರೆ ಹತ್ತರಲ್ಲಿ ಐದಾರು ಕಡೆ ಹೊಂದಿದರೂ ಮಗುವಿಗೆ ಹಿಡಿಯಲು ಒಂದು ಕೊಂಬೆ ಸಿಕ್ಕಂತೆ. ಇದನ್ನು ಮಕ್ಕಳಿಗೆ ಹೇಳಿದಾಗ ಅವರು ಎರಡೂ ವಾಕ್ಯಗಳನ್ನು ಬಾಯಲ್ಲಿ ಹೊರಳಿಸಿ ನೋಡುತ್ತಾರೆ. ಗೊತ್ತಿಲ್ಲದೆಯೇ ಗೊತ್ತಿದ್ದುದನ್ನು ಕಂಡುಕೊಂಡಾಗಿನ ಆ ಮುಖ ನೋಡಲು ನಾನು ಎಷ್ಟು ದೂರವಾದರೂ ಹೋಗುತ್ತೇನೆ.

ಪ್ರಿಪೊಸಿಷನ್ ಕೂಡ ಹಾಗೆಯೇ. ಕನ್ನಡದಲ್ಲಿ ಪದದ ಬಾಲಕ್ಕೆ ಅಂಟುವುದು ಇಂಗ್ಲಿಷಿನಲ್ಲಿ ಪದದ ಮುಂದೆ ನಿಲ್ಲುತ್ತದೆ. ಮಾರ್ಕೆಟ್‌ಗೆ ಎಂಬುದು “ಟು ದ ಮಾರ್ಕೆಟ್”. ಕಷ್ಟ ಬರುವುದು ನಮ್ಮ ಒಂದು ಪ್ರತ್ಯಯ ಅಲ್ಲಿ ನಾಲ್ಕಾಗಿ ಒಡೆದಾಗ. “ಇಂದ” ತೆಗೆದುಕೊಳ್ಳಿ. ಮಾಗಡಿಯಿಂದ ಬಂದೆ ಎಂದರೆ “ಫ್ರಂ”. ಉಳಿಯಿಂದ ಕೆತ್ತಿದೆ ಎಂದರೆ “ವಿತ್”. ಬಸ್ಸಿನಿಂದ ಬಿದ್ದೆ ಎಂದರೆ “ಆಫ್”. ಎರಡು ವರ್ಷದಿಂದ ಇಲ್ಲಿದ್ದೀನಿ ಎಂದರೆ “ಫಾರ್”. ಕೊನೆಯದರಲ್ಲಿ ಇನ್ನೊಂದು ಹಳ್ಳವಿದೆ. “ಐ ಆಮ್ ಹಿಯರ್ ಸಿನ್ಸ್ ಟೂ ಇಯರ್ಸ್” ಎಂದು ನಾವೆಲ್ಲ ಹೇಳಿದ್ದೇವೆ. ಕನ್ನಡದಲ್ಲಿ ಇದ್ದೀನಿ ಎಂಬ ವರ್ತಮಾನ ಕಾಲವೇ ಸಾಕು. ಇಂಗ್ಲಿಷಿಗೆ ಸಾಲದು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ “ಹ್ಯಾವ್ ಬೀನ್” ಬೇಕು. ಸಿನ್ಸ್ ಆದಮೇಲೆ ಶುರುವಾದ ಹೊತ್ತು ಬರಬೇಕು, ಫಾರ್ ಆದಮೇಲೆ ಕಳೆದ ಕಾಲದ ಅಳತೆ. ಇದನ್ನು ಹತ್ತು ನಿಯಮಗಳ ನಡುವೆ ಹನ್ನೊಂದನೆಯದಾಗಿ ಹೇಳಿದರೆ ಯಾರಿಗೂ ನಿಲ್ಲುವುದಿಲ್ಲ. ನಮ್ಮ “ಇಂದ” ಎಲ್ಲಿ ಒಡೆಯುತ್ತದೆ ಎಂದು ತೋರಿಸಿದರೆ ನಿಲ್ಲುತ್ತದೆ.

ಇನ್ನು “ನನಗೆ”. ನನಗೆ ಹಸಿವು, ನನಗೆ ಗೊತ್ತು, ನನಗೆ ಇಷ್ಟ, ನನಗೆ ಜ್ವರ. ಕನ್ನಡದಲ್ಲಿ ಹಸಿವು, ಅರಿವು, ಇಷ್ಟ ಎಲ್ಲವೂ ಹೊರಗಿನಿಂದ ನನ್ನ ಬಳಿಗೆ ಬರುತ್ತವೆ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ನಾನೇ ಯಜಮಾನ, “ಐ”. ಗೂಡು ಕೊಂಡು ನೂಲು ತೆಗೆಯುವ ರಾಮನಗರದ ರೀಲರ್‌ಗಳ ಮನೆಗಳಲ್ಲಿ, ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಗಳ ಮನೆಗಳಲ್ಲಿ ಉರ್ದು ಮಾತಾಡುವವರು ಬಹಳ. ಅವರ ಮಕ್ಕಳೂ “ಮೇರೆಕು ಮಾಲೂಮ್” ಎನ್ನುತ್ತಾರೆ. ಅದೂ “ನನಗೆ ಗೊತ್ತು” ಎಂಬ ರಚನೆಯೇ. ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯ ಹಿಂದೆ ಅಂಟುವುದು ಎರಡೂ ಅಲ್ಲಿವೆ. ಗೂಡು ಬೆಳೆಯುವವರ ಮಗ ಮತ್ತು ಗೂಡು ಕೊಳ್ಳುವವರ ಮಗಳು ಒಂದೇ ಬೆಂಚಿನಲ್ಲಿ ಒಂದೇ ತಪ್ಪನ್ನು ಒಂದೇ ಕಾರಣಕ್ಕೆ ಮಾಡುತ್ತಾರೆ. ಒಂದೇ ಪಾಠ ಇಬ್ಬರಿಗೂ ಸಾಕು.

ಈ ಸೀಮೆಯ ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಇಲ್ಲಿನ ಮಕ್ಕಳು “ನಮ್ಮಪ್ಪ ಬಂತು”, “ನಮ್ಮವ್ವ ಹೋಯ್ತು” ಎನ್ನುತ್ತಾರೆ. ಅದು ಹತ್ತಿರದ ಪ್ರೀತಿಯ ಮಾತು. ಮೇಷ್ಟ್ರಾದರೆ “ಬಂದ್ರು”, ಮರ್ಯಾದೆಯ ಬಹುವಚನ. ಇದನ್ನು ಇಂಗ್ಲಿಷಿಗೆ ತರುವಾಗ ಅಪ್ಪ “ಇಟ್” ಆಗಿಬಿಡುವುದೂ ಉಂಟು, ಹೆಡ್‌ಮಾಸ್ಟರು “ದೆ ಆರ್ ಕಮಿಂಗ್” ಆಗುವುದೂ ಉಂಟು. ಇಂಗ್ಲಿಷಿನಲ್ಲಿ ಅಪ್ಪನೂ ಹೆಡ್‌ಮಾಸ್ಟರೂ ಪ್ರಧಾನಿಯೂ ಬರೀ “ಹಿ” ಎಂದು ಹೇಳಿದರೆ ಮಕ್ಕಳಿಗೆ ಒಪ್ಪಿಗೆಯಾಗಲು ಹೊತ್ತು ಬೇಕು. ಆ ಹೊತ್ತನ್ನು ಕೊಡಬೇಕು.

ಚೀನಾದ ಮಕ್ಕಳಿಗೂ ಇಂಥದೇ ತೊಡಕು ಇದೆ ಎಂದರೆ ನಮ್ಮ ಮಕ್ಕಳಿಗೆ ಆಶ್ಚರ್ಯ. ರೇಷ್ಮೆಯ ತವರು ಚೀನಾ, ಅಲ್ಲಿಂದ ಬರುವ ರೇಷ್ಮೆಗೆ ಇಲ್ಲಿನ ಧಾರಣೆ ಏರಿಳಿಯುತ್ತದೆ ಎಂಬುದಷ್ಟೇ ಅವರಿಗೆ ಗೊತ್ತು. ಚೀನೀ ಭಾಷೆಯಲ್ಲೂ “ದ” ಇಲ್ಲ. ಅಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕಂತೆ ಬದಲಾಗುವುದೇ ಇಲ್ಲ, ಆದ್ದರಿಂದ “ಯೆಸ್ಟರ್‌ಡೇ ಐ ಗೋ” ಎಂಬ ತಪ್ಪು ಅವರಿಗೆ ಸಹಜ. ಮಾತಿನಲ್ಲಿ ಅವನು, ಅವಳು, ಅದು ಮೂರಕ್ಕೂ “ತಾ” ಎಂಬ ಒಂದೇ ಸದ್ದು, ಹಾಗಾಗಿ ಹಿ ಮತ್ತು ಶಿ ಅವರ ಬಾಯಲ್ಲಿ ಅದಲುಬದಲು. ಹೋಗು, ಹೋದ, ಹೋಗ್ತಾನೆ ಎಂದು ಆಡಿ ಬೆಳೆದ ನಮ್ಮ ಮಕ್ಕಳಿಗೆ ಕಾಲದ ಅರಿವು ಹುಟ್ಟಿನಿಂದಲೇ ಇದೆ. ಆ ಮಟ್ಟಿಗೆ ಅವರಿಗಿಂತ ಒಂದು ಮೆಟ್ಟಿಲು ಮೇಲೆ ನಿಂತೇ ಶುರು ಮಾಡುತ್ತಾರೆ. ಯಾವ ಭಾಷೆಯವರು ಇಂಗ್ಲಿಷ್ ಕಲಿಯುವಾಗ ಎಲ್ಲಿ ಎಡವುತ್ತಾರೆ ಎಂಬುದನ್ನೇ ಮೈಕೆಲ್ ಸ್ವಾನ್ ಮತ್ತು ಬರ್ನಾರ್ಡ್ ಸ್ಮಿತ್ 1987ರಲ್ಲಿ “ಲರ್ನರ್ ಇಂಗ್ಲಿಷ್” ಎಂಬ ಪುಸ್ತಕವಾಗಿ ತಂದರು. ಚೀನೀ ಮಾತಾಡುವವರಿಗೆ ಅದರಲ್ಲಿ ಒಂದು ಅಧ್ಯಾಯವಿದೆ; ಮುಂದಿನ ಆವೃತ್ತಿಯಲ್ಲಿ ದ್ರಾವಿಡ ಭಾಷೆಗಳಿಗೂ ಜಾಗ ಸಿಕ್ಕಿತು. ಕನ್ನಡದ ಮಕ್ಕಳ ತಪ್ಪುಗಳನ್ನೇ ಕೂಡಿಸಿ, ಕಾರಣ ಹೇಳಿ, ಅಭ್ಯಾಸ ಕೊಟ್ಟು ಮಾಡಿದ ಅಂಥ ಒಂದು ಕೈಪಿಡಿ ನಮ್ಮ ಪ್ರತಿ ಹೈಸ್ಕೂಲಿನ ಮೇಜಿನ ಮೇಲೆ ಇರಬೇಕು. 1963ರಲ್ಲಿ ಶುರುವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಿದೆ. ರಾಮನಗರದಿಂದ ಬೆಂಗಳೂರಿನ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ಜಾಗ. ಆ ಕೈಪಿಡಿಯ ಕೆಲಸಕ್ಕೆ ಅದಕ್ಕಿಂತ ಸರಿಯಾದ ಮನೆ ಇಲ್ಲ.

ಕನ್ನಡ ಕಲಿಯಲು ಬಂದ ಹೊರಗಿನವರು ಏನು ಮಾಡಿದ್ದರು ನೋಡಿ. 1820ರಲ್ಲಿ ಜಾನ್ ಮೆಕೆರೆಲ್ ಬರೆದ ಕನ್ನಡ ವ್ಯಾಕರಣ ಇಂಗ್ಲಿಷಿನಲ್ಲಿದೆ. 1894ರ ಕಿಟ್ಟೆಲ್ ನಿಘಂಟು ಕನ್ನಡ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತದೆ. ಅವರು ತಮಗೆ ಗೊತ್ತಿದ್ದ ಭಾಷೆಯ ಮೇಲೆ ನಿಂತು ನಮ್ಮ ಭಾಷೆಗೆ ಕೈ ಚಾಚಿದರು. ಆದರೆ ನಮ್ಮ ಮಗು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿವೆ. ಇದು ಅನ್ಯಾಯ.

ಪದಗಳ ವಿಷಯಕ್ಕೆ ಬಂದರೆ ನಮ್ಮ ಸೀಮೆ ಶ್ರೀಮಂತ. ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಕೇಳಿದ ಇಂಗ್ಲಿಷ್ ಪದಗಳನ್ನೆಲ್ಲ ಬರೆದು ತನ್ನಿ ಎಂದು ಒಮ್ಮೆ ಹೇಳಿದ್ದೆ. ಒಬ್ಬ ಹುಡುಗ ಎಂಬತ್ತಕ್ಕೂ ಹೆಚ್ಚು ತಂದ. ಲಾಟು, ಬಿಡ್ಡು, ರೇಟು, ರೀಲರ್, ಲೇತು, ಪಾಲಿಶ್, ಆರ್ಡರ್, ಲೋಡು, ಟೋಲು, ಸರ್ವೀಸ್ ರೋಡು. ಇವುಗಳ ಬಾಲದ ಉಕಾರ ಕಳಚಿದರೆ ಇಂಗ್ಲಿಷ್. ಆದರೆ ಅಲ್ಲೊಂದು ಗುಟ್ಟಿದೆ. ನಾವು ಇಂಗ್ಲಿಷ್ ಕ್ರಿಯಾಪದವನ್ನು ತಂದಾಗ ಅದಕ್ಕೆ “ಮಾಡು” ಎಂಬ ಊರುಗೋಲು ಕೊಡುತ್ತೇವೆ. ಡ್ರೈವ್ ಮಾಡ್ದ, ಪ್ಯಾಕ್ ಮಾಡ್ದೆ, ಬಸ್ ಮಿಸ್ ಮಾಡ್ಕೊಂಡೆ. ಕಾಲ, ಲಿಂಗ, ವಚನ ಎಲ್ಲದರ ಭಾರವನ್ನೂ ಮಾಡು ಹೊರುತ್ತದೆ, ಇಂಗ್ಲಿಷ್ ಪದ ಸುಮ್ಮನೆ ನಿಂತಿರುತ್ತದೆ. ಆದ್ದರಿಂದಲೇ ಮಗುವಿಗೆ ಮಿಸ್ ಗೊತ್ತು, “ಮಿಸ್ಡ್” ಗೊತ್ತಿಲ್ಲ. ಊರುಗೋಲು ಕಿತ್ತುಕೊಂಡು ಆ ಪದವನ್ನು ತನ್ನ ಕಾಲ ಮೇಲೆ ನಿಲ್ಲಿಸುವುದೇ ಒಂದು ಆಟ. “ಐ ಮಿಸ್ಡ್ ದ ಬಸ್. ಶಿ ಪ್ಯಾಕ್ಡ್ ದ ಟಾಯ್ಸ್.” ಹತ್ತು ನಿಮಿಷದಲ್ಲಿ ಇಪ್ಪತ್ತು ಕ್ರಿಯಾಪದಗಳ ಭೂತಕಾಲ ಬಂದುಬಿಡುತ್ತದೆ.

ಬೈವೋಲ್ಟೀನ್ ಎಂಬ ಪದವನ್ನು ರೇಷ್ಮೆ ಬೆಳೆಗಾರರು ನೀರು ಕುಡಿದಷ್ಟು ಸಲೀಸಾಗಿ ಆಡುತ್ತಾರೆ. ವರ್ಷಕ್ಕೆ ಎರಡು ಪೀಳಿಗೆಯ ಹುಳು ಎಂದು ಅದರರ್ಥ. ಬೈ ಎಂದರೆ ಎರಡು. ವೋಲ್ಟೀನ್‌ನ ಬೇರು ಇಟಲಿಯ ವೋಲ್ತಾ, ಅಂದರೆ ಸಲ. ಅದೇ ಬೈ ಬೈಸಿಕಲ್ಲಿನಲ್ಲಿದೆ, ಎರಡು ಚಕ್ರ. ಬೈಲಿಂಗ್ವಲ್‌ನಲ್ಲಿದೆ, ಎರಡು ಭಾಷೆ. ಮಲ್ಟಿವೋಲ್ಟೀನ್ ಗೊತ್ತಿದ್ದವರಿಗೆ ಮಲ್ಟಿಪ್ಲೈ ತಾನಾಗಿ ತೆರೆಯುತ್ತದೆ. ಚನ್ನಪಟ್ಟಣದ ಗೊಂಬೆಯ ಪೆಟ್ಟಿಗೆಯ ಮೇಲೆ “ನಾನ್ ಟಾಕ್ಸಿಕ್” ಎಂದಿರುತ್ತದೆ. ಹಾಲೆ ಮರ, ಅರಗು, ಅರಿಶಿನದಂಥ ಸಸ್ಯದ ಬಣ್ಣ, ಮಗು ಬಾಯಿಗಿಟ್ಟರೂ ವಿಷವಲ್ಲ. ನಾನ್ ಎಂದರೆ ಅಲ್ಲ. ನಾನ್ ವೆಜ್ಜಿನ ನಾನ್ ಅದೇ ಎಂದಾಗ ಇಡೀ ಜಗುಲಿ ನಕ್ಕಿತು. ಊರಿನ ಹೆಸರೇ ಒಮ್ಮೆ ಹೀಗೆ ಬೆರಕೆಯಾಗಿತ್ತಲ್ಲ. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿಗೆ ನಮ್ಮ ಪೇಟೆ ಸೇರಿ ರಾಮನಗರ ಕ್ಲೋಸ್‌ಪೇಟೆ ಆಗಿತ್ತು. ಇಲ್ಲಿನ ಬಂಡೆಗಳನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ, ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು.

ಓದುವುದೇ ಎಲ್ಲಕ್ಕಿಂತ ಕಷ್ಟ. ಕನ್ನಡ ಲಿಪಿಯಲ್ಲಿ ಬರೆದದ್ದನ್ನೆಲ್ಲ ಓದುತ್ತೇವೆ, ಒಂದು ಅಕ್ಷರವೂ ಸುಮ್ಮನಿರುವುದಿಲ್ಲ. ಆ ನಂಬಿಕೆಯಲ್ಲಿ ಬೆಳೆದ ಮಗುವಿಗೆ “ನೈಫ್” ಎಂಬ ಪದದ ಮೊದಲಲ್ಲಿ ಒಂದು “ಕೆ” ಕೂತು ಮಾತಾಡದಿರುವುದು ಮೋಸದಂತೆ ಕಾಣುತ್ತದೆ. ಮಕ್ಕಳು ಪಠ್ಯಪುಸ್ತಕದ ಸಾಲುಗಳ ಕೆಳಗೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಳ್ಳುತ್ತಾರೆ. ಅನೇಕ ಶಿಕ್ಷಕರು ಅದಕ್ಕೆ ಬೈಯುತ್ತಾರೆ. ಶುರುವಿನ ತಿಂಗಳುಗಳಲ್ಲಿ ಅದು ಒಳ್ಳೆಯ ಅಭ್ಯಾಸ ಎಂದೇ ನನ್ನ ಅನುಭವ. ಆರನೇ ತಿಂಗಳಲ್ಲಿ ರಬ್ಬರ್ ಕೈಗೆ ಕೊಟ್ಟರಾಯಿತು. ನಿಜವಾದ ಅಪಾಯ ಬೇರೆ ಇದೆ. ಸರಾಗವಾಗಿ ಓದುತ್ತಾರೆ, ಅರ್ಥ ಕೇಳಿದರೆ ಇಲ್ಲ. ದೇಶದ ಹಳ್ಳಿಗಳಲ್ಲಿ ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆ ಇಂಗ್ಲಿಷ್ ಪರೀಕ್ಷಿಸಿದಾಗ ಪದ, ವಾಕ್ಯ ಓದಿಸಿ, ಆಮೇಲೆ ಅದರ ಅರ್ಥವನ್ನು ಮಗುವಿನ ಭಾಷೆಯಲ್ಲೇ ಕೇಳುತ್ತದೆ. ಓದುವುದೂ ತಿಳಿಯುವುದೂ ಎರಡು ಎಂದು ಒಪ್ಪಿಕೊಂಡ ಕ್ರಮ ಅದು. ನಮ್ಮ ಹತ್ತನೇ ತರಗತಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ. ಹಿಂದುಳಿದ ಮಕ್ಕಳಿಗೆ “ಪಾಸಿಂಗ್ ಪ್ಯಾಕೇಜ್” ಎಂಬ ತೆಳ್ಳನೆಯ ಕಟ್ಟು ಸಿಗುತ್ತದೆ, ಅದರಲ್ಲಿರುವ ಪತ್ರ, ಪದ್ಯ, ಉತ್ತರ ಬಾಯಿಪಾಠ ಮಾಡಿದರೆ ದಡ ಸೇರಬಹುದು. ಫಲಿತಾಂಶದ ಒತ್ತಡದಲ್ಲಿ ಇದನ್ನು ಮಾಡುವ ಶಿಕ್ಷಕರ ಕಷ್ಟ ನನಗೆ ಗೊತ್ತು. ಆದರೂ ಬಾಯಿಪಾಠದ ಪತ್ರದಲ್ಲಿ ಮಗು ತನ್ನದಲ್ಲದ ಹೆಸರು, ತನ್ನದಲ್ಲದ ಊರು ಬರೆದು ಬರುವುದನ್ನು ನೋಡಿದಾಗ ಎದೆ ಭಾರವಾಗುತ್ತದೆ.

ಓದಿಗೆ ನಮ್ಮ ಊರುಗಳಲ್ಲೇ ಏಣಿ ಇದೆ. ಬೆಂಗಳೂರಿನಲ್ಲಿದ್ದ ಬೇಟೆಗಾರ ಲೇಖಕ ಕೆನೆತ್ ಆಂಡರ್ಸನ್ ಈ ಸೀಮೆಯ ಕಾಡುಗಳ ಕಥೆಗಳನ್ನು ಇಂಗ್ಲಿಷಿನಲ್ಲಿ ಬರೆದರು. ಅವನ್ನು ಪೂರ್ಣಚಂದ್ರ ತೇಜಸ್ವಿ “ಕಾಡಿನ ಕಥೆಗಳು” ಎಂದು ಕನ್ನಡಕ್ಕೆ ತಂದರು. ಆ ಸರಣಿಯ ಒಂದು ಪುಸ್ತಕದ ಹೆಸರೇ “ಮುನಿಶಾಮಿ ಮತ್ತು ಮಾಗಡಿ ಚಿರತೆ”. ಮೊದಲು ತೇಜಸ್ವಿಯವರ ಕನ್ನಡದಲ್ಲಿ ಕಥೆ ಪೂರ್ತಿ ಓದಿ, ಆಮೇಲೆ ಆಂಡರ್ಸನ್‌ರ ಮೂಲದ ಎರಡು ಪುಟ ಬಿಡಿಸಿದರೆ ಮುಂದೇನಾಗುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ, ಜಾಗ ಗೊತ್ತಿರುತ್ತದೆ, ಗೊತ್ತಿಲ್ಲದ ಪದ ಹತ್ತು ಸಿಕ್ಕರೂ ಮಗು ಮುಳುಗುವುದಿಲ್ಲ. ಸಾವನದುರ್ಗದ ಬುಡದ ಊರಿನ ಮಕ್ಕಳಿಗೆ ಇನ್ನೊಂದು ಏಣಿಯೂ ಇದೆ. ಇ.ಎಂ. ಫಾರ್ಸ್ಟರ್ 1924ರಲ್ಲಿ ಬರೆದ “ಎ ಪ್ಯಾಸೇಜ್ ಟು ಇಂಡಿಯಾ” ಕಾದಂಬರಿಯನ್ನು ಡೇವಿಡ್ ಲೀನ್ 1984ರಲ್ಲಿ ಸಿನಿಮಾ ಮಾಡಿದಾಗ ಮರಾಬಾರ್ ಗುಹೆಗಳ ದೃಶ್ಯಕ್ಕೆ ಆರಿಸಿಕೊಂಡದ್ದು ಸಾವನದುರ್ಗವನ್ನು ಮತ್ತು ರಾಮದೇವರ ಬೆಟ್ಟವನ್ನು. ಕಾದಂಬರಿ ಹೈಸ್ಕೂಲಿಗೆ ಭಾರ, ಆದರೆ ಗುಹೆಯ ಒಳಗಿನ ಪ್ರತಿಧ್ವನಿಯ ಒಂದು ಪ್ಯಾರಾ ಭಾರವಲ್ಲ. ಬೆಟ್ಟದಲ್ಲಿ ಕೂಗಿ ನೋಡಿದ ಮಕ್ಕಳು ಅವರು. “ಎಕೋ” ಎಂಬ ಪದಕ್ಕೆ ಅವರಿಗೆ ನಿಘಂಟು ಬೇಡ.

ಆ ಭಾನುವಾರ ಹುಡುಗಿ ತನ್ನ ಮೊದಲ ವಾಕ್ಯವನ್ನು ಮತ್ತೆ ಬರೆದಳು. ಯಾವ ಗೂಡು ಎಂದು ಕೇಳಿದೆ. ನಮ್ಮ ಗೂಡೇ ಎಂದಳು. ಹಾಗಾದರೆ “ಅನ್ನ” ಬೇಕಲ್ಲವೇ ಎಂದೆ. ಯೋಚಿಸಿ “ದ” ಸೇರಿಸಿದಳು. ಒಂದೇ ಗೂಡು ಮಾರಿದರಾ ಎಂದು ಪಕ್ಕದ ಹುಡುಗ ಕೇಳಿದ, “ಎಸ್” ಬಂತು. “ಮೈ ಫಾದರ್ ಸೋಲ್ಡ್ ದ ಕಕೂನ್ಸ್ ಇನ್ ರಾಮನಗರ.” ಗಟ್ಟಿಯಾಗಿ ಎರಡು ಸಲ ಓದಿಕೊಂಡಳು. ಆಮೇಲೆ ಬಸ್‌ಸ್ಟಾಪಿನ ಕಡೆ ಬೆರಳು ತೋರಿಸಿ ಕೇಳಿದಳು. “ಸಾರ್, ಹಂಗಾದ್ರೆ ಅಲ್ಲಿ ಗೂಡಂಗಡಿ ಐತಲ್ಲ, ಅದಕ್ಕೇನಂತಾರೆ?”